ಇಳಿಜಾರಿನಲ್ಲಿ ಕಲಿತ ನಡಿಗೆ

ಹೊರಡುವ ಮುನ್ನ ಕೈಗೆ ಬಂದ ಪಟ್ಟಿಯಲ್ಲಿ ಮೊದಲ ದಿನಕ್ಕೆ 18 ಕಿಲೋಮೀಟರ್ ಎಂದಿತ್ತು. ದಿನವೂ ಎಂಟು ಹತ್ತು ಕಿಲೋಮೀಟರ್ ನಡೆಯುವವನಿಗೆ ಇದೇನು ಮಹಾ ಎಂದುಕೊಂಡೆ. ಪಕ್ಕದಲ್ಲೇ ಏರಿಕೆಯ ಲೆಕ್ಕವೂ ಇತ್ತು. ಅದನ್ನು ಓದಲಿಲ್ಲ.

ವೇಲ್ಸ್‌ನ ಪೆಂಬ್ರೋಕ್‌ಷೈರ್ ಕರಾವಳಿಯ ಕಾಲುದಾರಿ 1970ರಲ್ಲಿ ತೆರೆದದ್ದು. ಉದ್ದ 186 ಮೈಲಿ, ಅಂದರೆ ಸುಮಾರು 300 ಕಿಲೋಮೀಟರ್. ಪೂರ್ತಿ ನಡೆದರೆ ಹತ್ತಿದ್ದೆಲ್ಲ ಸೇರಿ 35,000 ಅಡಿಯಾಗುತ್ತದೆ, ಎವರೆಸ್ಟ್‌ನ ಎತ್ತರಕ್ಕಿಂತ ಹೆಚ್ಚು. ಹಾಗೆಂದು ದಾರಿಯಲ್ಲಿ ಒಂದೂ ದೊಡ್ಡ ಬೆಟ್ಟವಿಲ್ಲ. ಇರುವುದೆಲ್ಲ ಸಣ್ಣಪುಟ್ಟ ತೊರೆಗಳು. ಅವು ಕಡಲು ಸೇರುವಲ್ಲೆಲ್ಲ ಬಂಡೆ ಕೊರೆದು ಕಣಿವೆ ಮಾಡಿವೆ. ದಾರಿ ಬಂಡೆಯ ನೆತ್ತಿಯಿಂದ ನೀರಿನ ಮಟ್ಟಕ್ಕೆ ಇಳಿಯುತ್ತದೆ, ಪುಟ್ಟ ಸೇತುವೆ ದಾಟುತ್ತದೆ, ಮತ್ತೆ ಅಷ್ಟೇ ಹತ್ತುತ್ತದೆ. ಉಸಿರು ಹದಕ್ಕೆ ಬರುವಷ್ಟರಲ್ಲಿ ಮುಂದಿನ ಇಳಿತ.

ಸೆಪ್ಟೆಂಬರ್‌ನಲ್ಲಿ ನಾವು ಎಂಟು ಮಂದಿ ಇದರ ಉತ್ತರ ಭಾಗವನ್ನು, ಸೇಂಟ್ ಡೇವಿಡ್ಸ್ ಬಳಿಯಿಂದ ಸೇಂಟ್ ಡಾಗ್ಮೆಲ್ಸ್‌ವರೆಗೆ, ಐದು ದಿನಗಳಲ್ಲಿ ನಡೆದೆವು. ದೊಡ್ಡ ಚೀಲಗಳು ವ್ಯಾನಿನಲ್ಲಿ ಹೋಗುತ್ತಿದ್ದವು. ನಮ್ಮ ಗೈಡ್ ಅರವತ್ತು ದಾಟಿದ ಮಹಿಳೆ. ಹೊರಡುವಾಗ ಅವರು ಕೇಳಿದ ಮೊದಲ ಪ್ರಶ್ನೆ: "ಕಾಲಿನ ಉಗುರು ಕತ್ತರಿಸಿಕೊಂಡಿದ್ದೀರಾ?" ನಾನು ನಕ್ಕೆ.

ಎರಡನೆಯ ತೊರೆಗೆ ಇಳಿಯುವಾಗ ನಗು ನಿಂತಿತು. ಹೆಜ್ಜೆಹೆಜ್ಜೆಗೂ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಬೂಟಿನ ಮೂತಿಗೆ ಗುದ್ದುತ್ತಿತ್ತು. ಅವರು ನನ್ನನ್ನು ಕಲ್ಲಿನ ಮೇಲೆ ಕೂರಿಸಿ, ಹಿಮ್ಮಡಿಯನ್ನು ಬೂಟಿನ ಹಿಂಭಾಗಕ್ಕೆ ಒತ್ತಿ, ಕಣಕಾಲಿನ ಬಳಿ ಲೇಸ್ ಬಿಗಿ ಮಾಡಿಸಿದರು. ಊರುಗೋಲನ್ನು ಸ್ವಲ್ಪ ಉದ್ದ ಮಾಡಿಕೊಳ್ಳಲು, ಅರ್ಧ ಹೆಜ್ಜೆಯಿಟ್ಟು ಮೊಣಕಾಲನ್ನು ತುಸು ಮಡಿಸಿಯೇ ಇಳಿಯಲು ಹೇಳಿದರು. ಏರುವಾಗ ಮತ್ತೆ ಲೇಸ್ ಸಡಿಲ, ಕೋಲು ಗಿಡ್ಡ. ದಿನಕ್ಕೆ ಹತ್ತಾರು ಸಲ ಇದನ್ನು ಮಾಡುವುದು ಬೇಸರವೇ. ಆದರೂ ಮರುದಿನದಿಂದ ನನ್ನ ಮೊಣಕಾಲು ಗೊಣಗಲಿಲ್ಲ. ಉಗುರು ಮಾತ್ರ ಆಗಲೇ ಕಪ್ಪಾಗಿತ್ತು.

ಅವರು ಎಲ್ಲರಿಗಿಂತ ನಿಧಾನಿಯನ್ನು ತಮ್ಮ ಬೆನ್ನ ಹಿಂದೆಯೇ ನಡೆಸುತ್ತಿದ್ದರು. ಮೊದಲ ಬೆಳಿಗ್ಗೆ ಮುಂದೆ ಓಡಿದ ನನಗೆ ಮಧ್ಯಾಹ್ನದ ಮೇಲೆ ಆ ಜಾಗ ಸಿಕ್ಕಿತು! ಇನ್ನೊಂದು ಕಟ್ಟಪ್ಪಣೆಯೂ ಇತ್ತು: ನಡೆಯುವಾಗ ನೋಡಬಾರದು, ನೋಡುವಾಗ ನಡೆಯಬಾರದು. ದಾರಿಗೆ ಕಂಬಿಯಿಲ್ಲ, ಅಂಚಿನ ಹುಲ್ಲಿನ ಕೆಳಗೆ ಮಣ್ಣು ಕುಸಿದು ಟೊಳ್ಳಾಗಿರಬಹುದು. ಫೋಟೋಗಾಗಿ ಹಿಮ್ಮುಖವಾಗಿ ಹೆಜ್ಜೆಯಿಟ್ಟ ಒಬ್ಬರಿಗೆ ಬಿದ್ದ ಬೈಗುಳ ಗಾಳಿಯಲ್ಲೂ ಸ್ಪಷ್ಟವಾಗಿ ಕೇಳಿಸಿತು.

ಮೂರನೆಯ ದಿನ ಸ್ಟ್ರಂಬಲ್ ಹೆಡ್ ದೀಪಸ್ತಂಭ ದಾಟಿದ ಮೇಲೆ, ಕೆಳಗಿನ ಕಲ್ಲುದಂಡೆಯಲ್ಲಿ ಬಿಳಿ ತುಪ್ಪಳದ ಸೀಲ್ ಮರಿ ಕಂಡಿತು. ಬೂದು ಸೀಲ್‌ಗಳು ಇಲ್ಲಿ ಮರಿ ಹಾಕುವುದು ಶರತ್ಕಾಲದಲ್ಲಿ. ಮಂಡಿಯೂರಿ, ಆಕಾಶಕ್ಕೆ ನಮ್ಮ ಆಕೃತಿ ಎದ್ದು ಕಾಣದಂತೆ, ಪಿಸುಮಾತೂ ಇಲ್ಲದೆ ನೋಡಿದೆವು. ಬೆದರಿದ ತಾಯಿ ನೀರಿಗಿಳಿದರೆ ಮರಿಗೆ ಹಾಲು ತಪ್ಪುತ್ತದೆಯಂತೆ. ಸ್ವಲ್ಪ ಮುಂದೆ, 1797ರಲ್ಲಿ ಫ್ರೆಂಚ್ ಸೈನಿಕರು ರಾತ್ರಿಯಲ್ಲಿ ಬಂದಿಳಿದ ಜಾಗದ ನೆನಪಿನ ಕಲ್ಲು. ಆ ಬಂಡೆಯನ್ನು ಕತ್ತಲಲ್ಲಿ ಹತ್ತಿದವರ ಮೇಲೆ, ಶತ್ರುಗಳಾದರೂ, ಮರುಕ ಹುಟ್ಟಿತು. ನಾಲ್ಕನೆಯ ದಿನ ಬರೀ ಮಳೆ.

ಕೊನೆಯ ದಿನ ನ್ಯೂಪೋರ್ಟ್‌ನಿಂದ ಸುಮಾರು 25 ಕಿಲೋಮೀಟರ್. ಗುಹೆಯ ಮಾಡು ಕುಸಿದು ಆದ 'ಮಾಟಗಾತಿಯ ಕೊಪ್ಪರಿಗೆ'ಯನ್ನು ದಾಟಿದರೆ ಕೈಬುರ್ ಕೊಲ್ಲಿ. ಹಳ್ಳಿರಸ್ತೆ ಕಡಲಿನ ಬಳಿಗೆ ಬರುವುದು ಅಲ್ಲಿ. ಬಿಡುವವರು ಇಲ್ಲೇ ಬಿಡಿ, ಮುಂದೆ ವ್ಯಾನ್ ಸಿಗದು ಎಂದರು ಗೈಡ್. ಇಬ್ಬರು ಹತ್ತಿಕೊಂಡರು. ನಾನೂ ಬಾಗಿಲವರೆಗೆ ಹೋಗಿ, ನೀರಿನ ಬಾಟಲಿ ತುಂಬಿಸಿಕೊಂಡು ಹಿಂದಿರುಗಿದೆ. ಮುಂದೆ ಸುಮಾರು 175 ಮೀಟರ್ ಎತ್ತರದ, ಈ ದಾರಿಯಲ್ಲೇ ಅತ್ಯಂತ ಎತ್ತರದ ಬಂಡೆಗಳು. ಅವುಗಳ ಪದರಗಳು ಮಡಿಸಿಟ್ಟ ಕಂಬಳಿಯಂತೆ ಬಾಗಿದ್ದವು. ಅವನ್ನು ನಿಂತೇ ನೋಡಿದೆ.

ಕೆಮೈಸ್ ಹೆಡ್ ಎಂಬ ಭೂಶಿರ ಕಳೆದ ಮೇಲೆ ಪಾಪಿಟ್ ಕಡಲತೀರಕ್ಕೆ ಟಾರು ರಸ್ತೆಯ ಇಳಿಜಾರು. ಐದು ದಿನಗಳಲ್ಲಿ ಕಾಲಿಗೆ ಎಲ್ಲಕ್ಕಿಂತ ನೋವು ಕೊಟ್ಟದ್ದು ಅದೇ.