ಮಲಗಿದ್ದ ಪೆಟ್ರೋಲ್ ಮುಳ್ಳು ಎದ್ದ ಕತೆ

ನನ್ನ 1971ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿಗೆ ಎಷ್ಟು ಪೆಟ್ರೋಲ್ ಹಾಕಿದರೂ ಮೀಟರಿನ ಮುಳ್ಳು ಮಾತ್ರ ಏಳುತ್ತಿರಲಿಲ್ಲ. ಎರಡು ವರ್ಷ ಗಾಡಿನ ಸುಮ್ನೆ ಶೆಡ್‌ನಲ್ಲಿ ನಿಲ್ಲಿಸಿದ್ದು ನಾನೇ, ಇನ್ಯಾರನ್ನು ಬೈಯೋದು? ಕಿಲೋಮೀಟರ್ ಲೆಕ್ಕ ಇಟ್ಟುಕೊಂಡೇ ಓಡಿಸುತ್ತಿದ್ದೆ.

ಬೀಟಲ್‌ನಲ್ಲಿ ಇಂಜಿನ್ ಹಿಂದೆ, ಟ್ಯಾಂಕ್ ಮುಂದೆ ಅಲ್ವಾ? ಮುಂದಿನ ಬಾನೆಟ್ ಎತ್ತಿ, ಒಳಗಿನ ರಟ್ಟಿನ ಹಾಸು ತೆಗೆದರೆ ಟ್ಯಾಂಕಿನ ನೆತ್ತಿಯ ಮೇಲೇ ಸೆಂಡರ್, ಅಂದರೆ ಪೆಟ್ರೋಲ್ ಎಷ್ಟಿದೆ ಅಂತ ಮೀಟರಿಗೆ ತಿಳಿಸೋ ಭಾಗ, ಕಾಣುತ್ತದೆ. ಅದಕ್ಕೆ ಬರೋ ವೈರ್ ಬಿಚ್ಚಿ, ಇಗ್ನಿಷನ್ ಆನ್ ಮಾಡಿ, ಒಂದು ಗಳಿಗೆ ಅದನ್ನು ಗಾಡಿಯ ಲೋಹದ ಮೈಗೆ ತಾಗಿಸಿ ಅರ್ತ್ ಮಾಡಿದೆ. ಮುಳ್ಳು ನಿಧಾನವಾಗಿ ಫುಲ್ ಕಡೆ ಹೋಯಿತು. ಅಂದರೆ ಮೀಟರ್, ವೈರಿಂಗ್ ಎರಡೂ ಸರಿ, ಕಳ್ಳ ಸೆಂಡರೇ.

ಹಿಂದಿನ ಸೀಟಿನ ಕೆಳಗಿರುವ ಬ್ಯಾಟರಿ ಕಳಚಿದೆ. ಗಾಡಿನ ಬಯಲಿಗೆ ತಳ್ಳಿದೆ. ಪೆಟ್ರೋಲ್ ಹಬೆಯ ಜೊತೆ ಹುಡುಗಾಟ ಬೇಡ. ಸೆಂಡರ್ ಯಾವ ಕಡೆಗೆ ಮುಖ ಮಾಡಿತ್ತು ಅಂತ ಚಾಕ್‌ಪೀಸಲ್ಲಿ ಗುರುತು ಹಾಕಿ, ಐದು ಸ್ಕ್ರೂ ಬಿಚ್ಚಿದೆ. ಸೆಂಡರ್ ಕೆಳಗೆ ಸೋರದಂತೆ ಹಾಕಿರೋ ಕಾರ್ಕ್ ಗ್ಯಾಸ್ಕೆಟ್ ಹಳೇ ಹಪ್ಪಳದ ಹಾಗೆ ಪುಡಿಯಾಯಿತು. ಆ ಪುಡಿ ಟ್ಯಾಂಕಿಗೆ ಬೀಳದಂತೆ ನೋಡಿಕೊಳ್ಳೋದೇ ದೊಡ್ಡ ಕೆಲಸ!

ತೇಲುಬುರುಡೆ ಚೆನ್ನಾಗಿತ್ತು. ಆದರೆ ಅದರ ಕೈ ಆಡಿಸಿದರೆ ಮಲ್ಟಿಮೀಟರ್ ಒಮ್ಮೆ ರೀಡಿಂಗ್ ಕೊಡುತ್ತಿತ್ತು, ಒಮ್ಮೆ ಇಲ್ಲ. ಸಣ್ಣ ತಂತಿ ಸುರುಳಿಯ ಮೇಲೆ ಕಂದು ಅಂಟು ಕೂತಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಇಪ್ಪತ್ತು ಸಲ ಆಡಿಸಿ, ಬಟ್ಟೆಯಲ್ಲಿ ಒರೆಸಿದೆ. ಮರಳು ಕಾಗದ ಮುಟ್ಟಲೇ ಇಲ್ಲ, ಆ ತಂತಿ ಕೂದಲಷ್ಟು ಸಣ್ಣ. ಈಗ ಮಲ್ಟಿಮೀಟರ್‌ನಲ್ಲಿ ವಿದ್ಯುತ್ ರೋಧ ಖಾಲಿಗೆ ಸುಮಾರು 70 ಓಮ್, ಫುಲ್‌ಗೆ ಸುಮಾರು 10.

ಹೊಸ ಗ್ಯಾಸ್ಕೆಟ್ ಹಾಕಿ ಬಿಗಿದೆ. ಮುಳ್ಳು ಅರ್ಧಕ್ಕೆ ಬಂದು ನಿಂತಿದೆ.