ಒಂದೇ ಪಾತ್ರೆ, ಒಂದು ಬಟ್ಟೆ ಚೀಲ: ನನ್ನ ಮೊದಲ ಬ್ಯಾಚ್ ಬಿಯರ್

ಕುದಿಸಿದ ರಸ ತಣಿಸುವ ಚಿಲ್ಲರ್ ಇಲ್ಲ, ಕಾಳು ನೆನೆಸುವ ಬೇರೆ ಪಾತ್ರೆ (ಮ್ಯಾಶ್ ಟನ್) ಇಲ್ಲ, ಒಂದೇ ಪಾತ್ರೆಯಲ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಕಾಳಿನಿಂದಲೇ ಬಿಯರ್ ಮಾಡುತ್ತೇನೆ ಅಂದಾಗ ಬ್ರೂಯಿಂಗ್ ಗೆಳೆಯರು ಯಾರೂ ಒಪ್ಪಲಿಲ್ಲ. "ಮೊದಲು ಮಾಲ್ಟ್ ರಸ ರೆಡಿಯಾಗಿ ಬರುವ ಒಂದು ಎಕ್ಸ್‌ಟ್ರಾಕ್ಟ್ ಕಿಟ್ ತಗೊಂಡು ಕೈ ಪಳಗಿಸ್ಕೋ" ಅಂದರು. ಬಿಸಿ ವರ್ಟನ್ನು, ಅಂದರೆ ಹುದುಗುವ ಮೊದಲಿನ ಸಿಹಿ ಮಾಲ್ಟ್ ರಸವನ್ನು, ರಾತ್ರಿಯಿಡೀ ಹಾಗೇ ಬಿಟ್ಟರೆ ಬೇಯಿಸಿದ ಜೋಳದ ವಾಸನೆ ಗ್ಯಾರಂಟಿ ಅಂತ ಒಬ್ಬರು ಹೇಳಿದರು. ಆ ಬಿಯರ್ ಈಗ ಬಾಟಲಿಯಲ್ಲಿದೆ. ತಿಳಿಯಾಗಿದೆ, ಗ್ಲಾಸ್ ಖಾಲಿಯಾಗುವವರೆಗೂ ನೊರೆ ನಿಲ್ಲುತ್ತದೆ, ಜೋಳದ ವಾಸನೆ ಲವಲೇಶವೂ ಇಲ್ಲ. ಅನುಮಾನಪಟ್ಟವರೇ ಎರಡನೇ ಗ್ಲಾಸ್ ಕೇಳಿ ಕುಡಿದರು.

ಚೀಲದಲ್ಲಿ ಮ್ಯಾಶ್ ಮಾಡುವುದು (ಒಡೆದ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿ ಸಿಹಿ ತೆಗೆಯುವುದು), ಚಿಲ್ಲರ್ ಇಲ್ಲದೆ ತಣಿಸುವುದು, ಎರಡೂ ಆಸ್ಟ್ರೇಲಿಯಾದ ಮನೆ ಬ್ರೂಯರ್‌ಗಳು ಬಳಕೆಗೆ ತಂದ ಪದ್ಧತಿಗಳು. ನನಗೆ ಹಿಡಿಸಿದ್ದು ಮುಖ್ಯವಾಗಿ ದುಡ್ಡಿನ ಕಾರಣಕ್ಕೆ. ಹಾಕಿದ ದುಡ್ಡಿನಲ್ಲಿ ಹತ್ತಿರ ಹತ್ತಿರ ಅರ್ಧ ಒಂದು 40 ಲೀಟರ್ ಸ್ಟೀಲ್ ಪಾತ್ರೆಗೇ ಹೋಯಿತು. ಅದರ ಮೇಲೆ ತಾಮ್ರದ ಸುರುಳಿ ಚಿಲ್ಲರ್ ಬೇರೆ ಕೊಂಡಿದ್ದರೆ ಮುಂದಿನ ಎರಡು ಮೂರು ಬ್ಯಾಚಿನ ಮಾಲ್ಟ್ ದುಡ್ಡು ಅಲ್ಲೇ ಮುಗಿಯುತ್ತಿತ್ತು. ತಣಿಸಲು ಹರಿದುಹೋಗುವ ನೀರು ಲೆಕ್ಕಕ್ಕೇ ಇಲ್ಲ.

ಚೀಲವೇ ಮೊದಲು ಕೈಕೊಟ್ಟಿದ್ದು. ಹತ್ತಿ ಬಟ್ಟೆಯದು ನೆನೆದು ಊದಿಕೊಂಡಿತು, ನೀರು ಇಳಿಯಲೇ ಇಲ್ಲ. ಪರದೆಗೆ ಬಳಸುವ ತೆಳ್ಳನೆಯ ಪಾಲಿಯೆಸ್ಟರ್ ಬಟ್ಟೆ ಒಳ್ಳೆಯದು, ಆದರೆ ಒಂದೇ ಹೊಲಿಗೆ ಹಾಕಿದ್ದು ನೆನೆದ ಧಾನ್ಯದ ಭಾರಕ್ಕೆ ಬಿಟ್ಟುಕೊಂಡಿತು. ಅಡಿಯಿಂದ ಸುತ್ತಿ ಬರುವಂತೆ ಪಟ್ಟಿ ಕೊಟ್ಟು ಎರಡು ಸಲ ಹೊಲಿಸಿದ ಮೇಲೆ ಗಟ್ಟಿಯಾಯಿತು. ಬಿಯರ್‌ಗೆ ಕಹಿ, ಘಮ ಕೊಡುವ ಹಾಪ್ಸ್ ಹೂವಿನಲ್ಲೂ ದುಡ್ಡು ಹೋಯಿತು. ಬಂದ ಪೊಟ್ಟಣ ಬಿಚ್ಚಿದರೆ ಹಳೇ ಚೀಸಿನ ವಾಸನೆ, ಬಣ್ಣವೂ ಕಂದು. ಮಾರಿದವರು ವಾಪಸ್ ತಗೊಳ್ಳಲಿಲ್ಲ. ಅದನ್ನು ಎಸೆದು ಬೇರೆ ಕಡೆ ತರಿಸಿದೆ. ಹಾಪ್ಸ್ ಹಸಿರಾಗಿರಬೇಕು, ಗಾಳಿ ತೆಗೆದ ಪೊಟ್ಟಣದಲ್ಲಿ ಬಂದಿರಬೇಕು, ಇಲ್ಲದಿದ್ದರೆ ಮುಟ್ಟಬೇಡಿ.

ಲೆಕ್ಕ ಹೀಗಿತ್ತು, ನೆನಪಿನಿಂದ ಹೇಳುತ್ತಿದ್ದೇನೆ. ಪೇಲ್ ಏಲ್ ಮಾಲ್ಟ್ ನಾಲ್ಕೂವರೆ ಕೆಜಿ, ನೀರು ಪೂರ್ತಿ 28 ಲೀಟರ್ ಒಂದೇ ಸಲಕ್ಕೆ. ನೀರು 69 ಡಿಗ್ರಿ ಆದಾಗ ಮಾಲ್ಟ್ ಹಾಕಿದೆ, 66ಕ್ಕೆ ಬಂದು ನಿಂತಿತು. ಪಾತ್ರೆಗೆ ರಗ್ಗು ಸುತ್ತಿ ಒಂದು ಗಂಟೆ ಬಿಟ್ಟರೆ ಇಳಿದದ್ದು ಒಂದೂವರೆ ಡಿಗ್ರಿ ಅಷ್ಟೇ. ಕಾಳನ್ನು ಮಾಮೂಲಿಗಿಂತ ನುಣ್ಣಗೆ ಒಡೆಸಿದ್ದೆ. ಚೀಲದ ಪದ್ಧತಿಯಲ್ಲಿ ಕಾಳಿನ ಹಾಸು ಕಟ್ಟಿಕೊಂಡು ರಸ ಇಳಿಯದೆ ನಿಲ್ಲುವ ಭಯ ಇಲ್ಲವಲ್ಲ.

ಚೀಲ ಎತ್ತುವುದು ಒಬ್ಬರ ಕೆಲಸ ಅಲ್ಲ. ಕೊಕ್ಕೆಗೆ ಹಗ್ಗ ಕಟ್ಟಿ ಎಳೆದು, ಪಾತ್ರೆಯ ಮೇಲೇ ನೇತುಹಾಕಿದೆ. ಮೊದಲು ಧಾರೆಯಾಗಿ ಸುರಿಯಿತು, ಆಮೇಲೆ ಹನಿ ಹನಿ. ದಪ್ಪ ಕೈಗವಸು ಹಾಕಿ ಚೀಲದ ಬಾಯಿಯನ್ನು ತಿರುಚುತ್ತಾ ಹೋದಂತೆ ಕೆಳಗಿನಿಂದ ಜೇನುಬಣ್ಣದ ಗಟ್ಟಿ ರಸ ಇಳಿಯಿತು. ಹಿಂಡಿದರೆ ಒಗರು ಬರುತ್ತದೆ ಅಂತ ಹೆದರಿಸುವವರಿದ್ದಾರೆ. ನಾನು ಚೆನ್ನಾಗಿಯೇ ಹಿಂಡಿದೆ, ಒಗರು ಬರಲಿಲ್ಲ. ಆ ಹಿಂಡಿದ ರಸದಲ್ಲೇ ಲೀಟರ್‌ಗಿಂತ ಜಾಸ್ತಿ ಉಳಿಯಿತು.

ಒಂದು ಗಂಟೆ ಮುಚ್ಚಳ ತೆಗೆದು ಚೆನ್ನಾಗಿ ಕುದಿಸಿದೆ. ಜೋಳದ ವಾಸನೆಗೆ ಉತ್ತರ ಇಲ್ಲೇ ಇದೆ. ಪೇಲ್ ಏಲ್ ಮಾಲ್ಟನ್ನು ಪಿಲ್ಸ್‌ನರ್ ಮಾಲ್ಟಿಗಿಂತ ಹೆಚ್ಚು ಬಿಸಿಯಲ್ಲಿ ಒಣಗಿಸಿರುತ್ತಾರೆ, ಆ ವಾಸನೆಯ ಮೂಲವಸ್ತು ಅದರಲ್ಲಿ ಕಡಿಮೆ. ಉಳಿದದ್ದು ಆವಿಯಲ್ಲಿ ಹೋಗುತ್ತದೆ. ಕುದಿ ನಿಂತ ಮೇಲೆ ಬಿಸಿ ತಡೆಯುವ ಎಚ್‌ಡಿಪಿಇ ಪ್ಲಾಸ್ಟಿಕ್ ಕ್ಯಾನಿಗೆ ನಲ್ಲಿಯಿಂದ ಸಿಲಿಕೋನ್ ಪೈಪಿನಲ್ಲಿ ಇಳಿಸಿ, ಒಳಗಿನ ಗಾಳಿ ಒತ್ತಿ ತೆಗೆದು, ಮುಚ್ಚಳ ಬಿಗಿದು ಮಗುಚಿಟ್ಟೆ. ಮುಚ್ಚಳಕ್ಕೂ ಹಿಡಿಕೆಗೂ ಬಿಸಿ ತಾಗಲೇಬೇಕು. ಮಾರನೇ ದಿನವೇ ಯೀಸ್ಟ್ ಹಾಕಿಬಿಡಿ. ಬಿಸಿಯಾಗಿ ತುಂಬಿದ ಮಾತ್ರಕ್ಕೆ ಬೊಟುಲಿಸಂ ಎಂಬ ವಿಷಾಹಾರ ರೋಗದ ಬೀಜಾಣು ಸಾಯುವುದಿಲ್ಲ, ವಾರಗಟ್ಟಲೆ ಇಡುವ ಮಾತು ಬೇಡ.

ಕ್ಯಾನಿನಲ್ಲಿ ವರ್ಟ್ ಗಂಟೆಗಟ್ಟಲೆ ಬಿಸಿಯಾಗೇ ಇರುತ್ತದೆ, ಹಾಪ್ಸಿನ ಕಹಿ ಏರುತ್ತಲೇ ಇರುತ್ತದೆ. ಹಾಗಾಗಿ ಕೊನೆಯ ಹಾಪ್ಸ್‌ಗಳನ್ನು ಸುಮಾರು 20 ನಿಮಿಷ ತಡವಾಗಿ ಹಾಕುವಂತೆ ಲೆಕ್ಕ ಹಾಕಬೇಕು. ಘಮಕ್ಕಾಗಿ ನಾನು ಹಾಕಿದ ಹಾಪ್ಸ್ ಯಾವುದು, ಯಾವ ಹೊತ್ತಿಗೆ ಹಾಕಿದೆ ಎನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ವರ್ಟಿನ ಸಾಂದ್ರತೆ (ಗ್ರ್ಯಾವಿಟಿ) ಅಳೆಯುವ ಹೈಡ್ರೋಮೀಟರ್ 1.048 ತೋರಿಸಿತು; ಸಕ್ಕರೆ ಹುದುಗಿದಂತೆ ಈ ಅಂಕಿ ಇಳಿಯುತ್ತದೆ. ಮೊದಲ ಸಲಕ್ಕೆ ಇದು ಹೆಮ್ಮೆಪಡುವ ಅಂಕಿ. ಫರ್ಮೆಂಟರ್‌ಗೆ, ಅಂದರೆ ಹುದುಗಿಸುವ ಡಬ್ಬಕ್ಕೆ, ಹತ್ತೊಂಬತ್ತು ಲೀಟರ್ ಚಿಲ್ಲರೆ ಬಂತು. ಎರಡನೇ ದಿನವೂ ಗ್ಯಾಸ್ ಹೊರಬಿಡುವ ಏರ್‌ಲಾಕಿನಲ್ಲಿ ಒಂದು ಗುಳ್ಳೆ ಬರಲಿಲ್ಲ. ಗೆಳೆಯರು "ಸತ್ತುಹೋಯ್ತು, ಚೆಲ್ಲು" ಅಂದರು. ಗ್ರ್ಯಾವಿಟಿ ನೋಡಿದರೆ ಆಗಲೇ 1.030ರ ಹತ್ತಿರ! ಮುಚ್ಚಳದ ರಬ್ಬರ್ ಬಳಿ ಗಾಳಿ ಸೋರುತ್ತಿತ್ತು, ಅಷ್ಟೇ. ಏರ್‌ಲಾಕ್ ನಂಬಬೇಡಿ, ಹೈಡ್ರೋಮೀಟರ್ ನಂಬಿ.

ನನ್ನ ಕೇಳಿದರೆ ಬಿಯರ್ ಕೆಡುವುದು ಪಾತ್ರೆಯಿಂದಲ್ಲ, ಹುದುಗುವಾಗಿನ ಬಿಸಿಯಿಂದ. ಫರ್ಮೆಂಟರ್ ಒಳಗೆ ಕೋಣೆಗಿಂತ ಮೂರು ನಾಲ್ಕು ಡಿಗ್ರಿ ಜಾಸ್ತಿಯೇ ಇರುತ್ತದೆ. ನೀರು ತುಂಬಿದ ಟಬ್ಬಿನಲ್ಲಿ ಇಟ್ಟು, ಒದ್ದೆ ಬಟ್ಟೆ ಸುತ್ತಿ, ಬೆಳಿಗ್ಗೆ ಸಂಜೆ ಐಸ್ ಬಾಟಲಿ ಬದಲಾಯಿಸಿ 18-19ರಲ್ಲಿ ಹಿಡಿದೆ. ಕೊನೆಗೆ 21ಕ್ಕೆ ಏರಲು ಬಿಟ್ಟೆ, ಬೆಣ್ಣೆ ವಾಸನೆ ಇದ್ದರೆ ಯೀಸ್ಟೇ ತಿಂದು ಮುಗಿಸಲಿ ಅಂತ. ಎರಡು ವಾರದ ಹೊತ್ತಿಗೆ 1.010, ಅಂದರೆ ಆಲ್ಕೋಹಾಲ್ ಶೇಕಡಾ 5ರ ಆಸುಪಾಸು.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಒಂದು ಲೀಟರ್ ವರ್ಟ್ ಪಕ್ಕಕ್ಕೆ ತೆಗೆದು ಬ್ರೆಡ್ ಯೀಸ್ಟ್ ಹಾಕಿದೆ. ಜೋರಾಗಿ ಹುದುಗಿತು, ಆದರೆ ಯೀಸ್ಟ್ ತಳಕ್ಕೆ ಇಳಿಯಲೇ ಇಲ್ಲ, ಹಿಟ್ಟಿನ ರುಚಿ ಉಳಿಯಿತು. ಇನ್ನೊಂದು, ಬಣ್ಣವಿಲ್ಲದ ಗಾಜಿನ ಬಾಟಲಿಯೊಂದನ್ನು ಬಿಸಿಲಿಗೆ ಇಟ್ಟು ನೋಡಿದೆ. ಒಂದು ಮಧ್ಯಾಹ್ನ ಸಾಕಾಯಿತು, ಮೂಗು ಮುಚ್ಚುವಂಥ ನಾತ. ಬೆಳಕು ಬಿದ್ದರೆ ಹಾಪ್ಸಿನ ಕಹಿಯೇ ಒಡೆದು ಗಂಧಕದ ವಾಸನೆ ಆಗುತ್ತದೆ. ಕಂದು ಬಾಟಲಿಗೆ ದುಡ್ಡು ಕೊಟ್ಟಿದ್ದು ದಂಡವಲ್ಲ ಅಂತ ಖಾತ್ರಿಯಾಯಿತು.

ಮೂರು ದಿನ ಗ್ರ್ಯಾವಿಟಿ ಅಲುಗದೆ ನಿಂತ ಮೇಲೇ ಬಾಟಲಿ ತುಂಬಿದೆ. ಲೀಟರ್‌ಗೆ ಸುಮಾರು 6 ಗ್ರಾಂ ಸಕ್ಕರೆ, ನೀರಿನಲ್ಲಿ ಕುದಿಸಿ ತಣಿಸಿ ಒಟ್ಟಿಗೇ ಬೆರೆಸಿದೆ. ಒಂದೇ ಒಂದನ್ನು ಪ್ಲಾಸ್ಟಿಕ್ ಬಾಟಲಿಗೆ ತುಂಬಿ. ದಿನಾ ಅದನ್ನು ಹಿಸುಕಿ ನೋಡಿ, ಬೆರಳು ಒಳಗೆ ಹೋಗದಷ್ಟು ಗಟ್ಟಿಯಾದರೆ ಗಾಜಿನವೂ ಸಿದ್ಧ. ನನಗೆ ಹತ್ತು ಹನ್ನೆರಡು ದಿನ ಹಿಡಿಯಿತು. ತಳದ ಯೀಸ್ಟನ್ನು ಚೆಲ್ಲಲಿಲ್ಲ. ಶುದ್ಧ ಮಾಡಿದ ಜಾಡಿಯಲ್ಲಿ, ಮುಚ್ಚಳ ಸಡಿಲ ಬಿಟ್ಟು, ಫ್ರಿಜ್‌ನಲ್ಲಿ ಇಟ್ಟಿದ್ದೇನೆ. ಮುಂದಿನ ಬ್ಯಾಚಿನ ಯೀಸ್ಟ್ ಖರ್ಚು ಅಲ್ಲಿಗೆ ಉಳಿಯಿತು. ಚೀಲದ ಅಳತೆ ಆಗಲೇ ಇಬ್ಬರು ಕೇಳಿದ್ದಾರೆ: ಪಾತ್ರೆಯ ಸುತ್ತಳತೆಗಿಂತ ಒಂದು ಗೇಣು ಜಾಸ್ತಿ, ಬಾಯಿ ಅಂಚಿನ ಮೇಲೆ ಮಡಚಿ ಕಟ್ಟುವಷ್ಟು ಉದ್ದ.