ಭುಜದ ನೋವಿಗೆ ಓಪಿಡಿಯಲ್ಲೇ ಅಲ್ಟ್ರಾಸೌಂಡ್: ನಾನು ನೋಡುವ ರೀತಿ

ಅಲ್ಟ್ರಾಸೌಂಡ್ ಮೆಷಿನ್ ನನ್ನ ಓಪಿಡಿ ಕೋಣೆಯಲ್ಲೇ ಇದೆ. ಆದರೂ ಭುಜ ನೋವು ಅಂತ ಬಂದವರಿಗೆ ಕೂಡಲೇ ಜೆಲ್ ಹಚ್ಚುವುದಿಲ್ಲ. ನೋವು ಹೇಗೆ ಶುರುವಾಯಿತು, ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುತ್ತದೆಯೇ ಅಂತ ಕೇಳುತ್ತೇನೆ. ಕೈ ಎಷ್ಟು ಮೇಲೇಳುತ್ತದೆ, ಯಾವ ಕಡೆ ಬಲ ಕಮ್ಮಿ ಅಂತ ನೋಡುತ್ತೇನೆ. ಬಿದ್ದು ಪೆಟ್ಟಾಗಿದ್ದರೆ ಎಕ್ಸ್‌ರೇ ಮೊದಲು. ಇಷ್ಟಾದ ಮೇಲೆ ತಲೆಯಲ್ಲಿ ಒಂದು ಪ್ರಶ್ನೆ ಉಳಿದಿರುತ್ತದೆ: ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಪಟ್ಟಿ) ಹರಿದಿದೆಯೋ, ಊದಿದೆಯೋ, ಅದರಲ್ಲಿ ಸುಣ್ಣ ಕಟ್ಟಿದೆಯೋ? ಆ ಪ್ರಶ್ನೆ ಇಲ್ಲದೆ ಸುಮ್ನೆ ಪ್ರೋಬ್ (ಮೈಮೇಲೆ ಇಟ್ಟು ನೋಡುವ ಮೆಷಿನ್ನಿನ ಹಿಡಿ) ಆಡಿಸಿದರೆ ಸ್ಕ್ರೀನಿನಲ್ಲಿ ಕಂಡದ್ದೆಲ್ಲ ರೋಗವೇ ಅನ್ನಿಸುತ್ತದೆ.

ಬಳಸುವುದು ಲೀನಿಯರ್, ಅಂದರೆ ನೇರ ತುದಿಯ ಪ್ರೋಬ್; ಅದರ ಅಲೆಗಳ ಫ್ರೀಕ್ವೆನ್ಸಿ ಸಾಮಾನ್ಯವಾಗಿ 10 ಮೆಗಾಹರ್ಟ್ಸ್‌ಗಿಂತ ಜಾಸ್ತಿ. ಮೈ ದಪ್ಪ ಇದ್ದವರಿಗೆ ಅದನ್ನು ಸ್ವಲ್ಪ ಇಳಿಸುತ್ತೇನೆ, ಇಲ್ಲದಿದ್ದರೆ ಆಳದ ಭಾಗ ಮಬ್ಬಾಗುತ್ತದೆ. ರೋಗಿಯನ್ನು ತಿರುಗುವ ಸ್ಟೂಲಿನ ಮೇಲೆ ಕೂರಿಸುತ್ತೇನೆ. ಸ್ಕ್ರೀನ್ ಅವರಿಗೂ ಕಾಣಬೇಕು.

ನನ್ನ ಶುರು ಯಾವಾಗಲೂ ತೋಳಿನ ಮುಂದಿನ ಸ್ನಾಯುವಾದ ಬೈಸೆಪ್ಸ್‌ನ ಟೆಂಡನ್‌ನಿಂದ. ಮೊಣಕೈ ಮಡಚಿ, ಅಂಗೈ ಮೇಲೆ ಮಾಡಿ ತೊಡೆಯ ಮೇಲಿಡಲು ಹೇಳುತ್ತೇನೆ. ತೋಳಿನ ಮೂಳೆಯ ಮುಂದುಗಡೆ ಒಂದು ಸಣ್ಣ ತೋಡು ಇದೆ, ಅದರೊಳಗೆ ಟೆಂಡನ್ ಬೆಳ್ಳಗೆ ದುಂಡಗೆ ಕಾಣುತ್ತದೆ. ಅದು ಸಿಕ್ಕಿದರೆ ದಿಕ್ಕು ತಪ್ಪುವುದಿಲ್ಲ. ಮೊಣಕೈ ಪಕ್ಕೆಗೆ ಒತ್ತಿಕೊಂಡೇ ಮುಂಗೈಯನ್ನು ಹೊರಕ್ಕೆ ತಿರುಗಿಸಿದರೆ ಭುಜದ ಮುಂದಿನ ಟೆಂಡನ್ ಸಬ್‌ಸ್ಕ್ಯಾಪುಲಾರಿಸ್ ಕಣ್ಣಿಗೆ ಬೀಳುತ್ತದೆ. ಬೈಸೆಪ್ಸ್ ತೋಡಿನಿಂದ ಒಳಗಡೆಗೆ ಜಾರುತ್ತದೆಯೇ ಅನ್ನುವುದೂ ಆಗಲೇ ಗೊತ್ತಾಗುತ್ತದೆ. ಹಿಂದಿನ ಟೆಂಡನ್ ಇನ್ಫ್ರಾಸ್ಪೈನಾಟಸ್‌ಗೆ ಕೈಯನ್ನು ಎದುರು ಭುಜದ ಮೇಲಿಟ್ಟು ಹಿಂದಿನಿಂದ ನೋಡುತ್ತೇನೆ.

ಜಾಸ್ತಿ ಹೊತ್ತು ಕೊಡುವುದು ಮೇಲಿನ ಟೆಂಡನ್ ಸುಪ್ರಾಸ್ಪೈನಾಟಸ್‌ಗೆ. ರೋಟೇಟರ್ ಕಫ್‌ನಲ್ಲಿ (ಭುಜದ ಕೀಲನ್ನು ಸುತ್ತಿ ಹಿಡಿದಿರುವ ಟೆಂಡನ್‌ಗಳ ಗುಂಪು) ಹೆಚ್ಚಾಗಿ ಹರಿಯುವುದು ಇದೇ. ಕೈ ಸುಮ್ಮನೆ ಕೆಳಗಿದ್ದಾಗ ಅದರ ಬಹುಪಾಲು ಭುಜದ ತುದಿಯ ಮೂಳೆಯ ಕೆಳಗೆ ಅಡಗಿರುತ್ತದೆ. ಕೈಯನ್ನು ಬೆನ್ನ ಹಿಂದೆ ಒಯ್ದರೆ ಹೊರಗೆ ಬರುತ್ತದೆ, ಆದರೆ ನೋವಿರುವವರಿಗೆ ಅದು ಕಷ್ಟ. ಅದಕ್ಕೆ ಪ್ಯಾಂಟಿನ ಹಿಂದಿನ ಜೇಬಿನ ಜಾಗಕ್ಕೆ ಅಂಗೈ ಇಟ್ಟು, ಮೊಣಕೈ ಹಿಂದಕ್ಕೆ ಮಾಡಿ ಅನ್ನುತ್ತೇನೆ. ಇಷ್ಟನ್ನು ಹೆಚ್ಚಿನವರು ತಡೆದುಕೊಳ್ಳುತ್ತಾರೆ.

ಇಲ್ಲೇ ಒಂದು ಮೋಸವಿದೆ, ಹೊಸದಾಗಿ ಕಲಿಯುವವರು ಇದನ್ನು ಚೆನ್ನಾಗಿ ಅರಿತಿರಬೇಕು. ಅಲೆಗಳು ಟೆಂಡನ್‌ಗೆ ನೇರವಾಗಿ, 90 ಡಿಗ್ರಿಯಲ್ಲಿ ಬಿದ್ದರೆ ಮಾತ್ರ ಅದರ ಎಳೆಗಳು ಬೆಳ್ಳಗೆ ಕಾಣುತ್ತವೆ. ಮೂಳೆಗೆ ಅಂಟುವ ಕಡೆ ಟೆಂಡನ್ ಬಾಗುತ್ತದೆ, ಹಾಗಾಗಿ ಅಲ್ಲಿ ಕಪ್ಪು ಕಲೆ ಮೂಡುತ್ತದೆ. ಥೇಟ್ ಹರಿದ ಹಾಗೆಯೇ! ಅಲ್ಲಿ ನಾನು ಪ್ರೋಬಿನ ಒಂದು ತುದಿಯನ್ನು ಮೆಲ್ಲಗೆ ಒತ್ತಿ ಕೋನ ಬದಲಿಸುತ್ತೇನೆ. ಕಪ್ಪು ಮಾಯವಾಗಿ ಎಳೆಗಳು ಕಂಡರೆ ಹರಿದಿಲ್ಲ. ಉದ್ದಕ್ಕೆ, ಅಡ್ಡಕ್ಕೆ ಎರಡೂ ಕಡೆಯಿಂದ ನೋಡಿದಾಗಲೂ ಕಪ್ಪು ಅಲ್ಲೇ ನಿಂತಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಹೊರಕ್ಕೆ ಉಬ್ಬಿರಬೇಕಾದ ಟೆಂಡನ್ನಿನ ಮೇಲಂಚು ಚಪ್ಪಟೆಯಾಗಿ ಒಳಕ್ಕೆ ಕುಸಿದಿದ್ದರೆ, ಕೆಳಗಿನ ಮೂಳೆ ಒರಟಾಗಿದ್ದರೆ, ಹರಿದಿದೆ ಅನ್ನಲು ನನಗೆ ಧೈರ್ಯ ಬರುತ್ತದೆ.

ಓಪಿಡಿಯಲ್ಲೇ ನೋಡುವುದರ ನಿಜವಾದ ಲಾಭ ಇರುವುದು ಕೈ ಆಡಿಸುವುದರಲ್ಲಿ. ಪ್ರೋಬನ್ನು ಭುಜದ ತುದಿಯಲ್ಲಿಟ್ಟು, "ಕೈಯನ್ನು ಪಕ್ಕಕ್ಕೆ ನಿಧಾನವಾಗಿ ಎತ್ತಿ" ಅನ್ನುತ್ತೇನೆ. ಟೆಂಡನ್ ಮತ್ತು ಬರ್ಸಾ (ಟೆಂಡನ್ ಉಜ್ಜದಂತೆ ಅದರ ಮೇಲಿರುವ ತೆಳು ಚೀಲ) ಸಲೀಸಾಗಿ ಮೂಳೆಯ ಕೆಳಗೆ ಜಾರಬೇಕು. ಕೆಲವರಲ್ಲಿ ಬರ್ಸಾ ಮೂಳೆಯ ಅಂಚಿಗೆ ಬಂದು ಗುಡ್ಡೆಯಾಗುತ್ತದೆ. ಅದೇ ಹೊತ್ತಿಗೆ ರೋಗಿ, "ಇಲ್ಲೇ ಡಾಕ್ಟ್ರೇ, ಇಲ್ಲೇ ಹಿಡಿಯೋದು" ಅನ್ನುತ್ತಾರೆ. ನೋವು ಮತ್ತು ಚಿತ್ರ ಹೀಗೆ ಒಟ್ಟಿಗೆ ಸಿಗುವುದು ಎಂಆರ್‌ಐ ಕೊಳವೆಯೊಳಗೆ ಅಲುಗಾಡದೆ ಮಲಗಿದಾಗ ಸಾಧ್ಯವಿಲ್ಲ ಅಲ್ವಾ?

ನೋವಿಲ್ಲದ ಭುಜವನ್ನೂ ನೋಡುತ್ತೇನೆ. ವಯಸ್ಸು 60 ದಾಟಿದವರಲ್ಲಿ ಯಾವ ತೊಂದರೆಯನ್ನೂ ಕೊಡದ ಹರುಕು ಎಷ್ಟೋ ಸಲ ಸಿಗುತ್ತದೆ. "ಹರಿದಿದೆ" ಎಂಬ ಒಂದೇ ಮಾತಿಗೆ ಜನ ಕೈ ಎತ್ತುವುದನ್ನೇ ಬಿಟ್ಟುಬಿಡುತ್ತಾರೆ, ಭುಜ ಇನ್ನಷ್ಟು ಬಿಗಿಯುತ್ತದೆ. ಹಾಗಾಗಿ ಕಂಡ ಹರುಕಿಗೂ ಅವರ ನೋವಿಗೂ ನಂಟಿದೆಯೇ ಅಂತ ಖಾತ್ರಿ ಮಾಡಿಕೊಂಡೇ ಹೇಳುತ್ತೇನೆ. ಸ್ಕ್ರೀನ್ ತೋರಿಸಿ, ಎರಡೂ ಕಡೆ ಹೋಲಿಸಿ ವಿವರಿಸಿದರೆ ಭಯ ಕಮ್ಮಿಯಾಗುತ್ತದೆ.

ಅಲ್ಟ್ರಾಸೌಂಡ್‌ಗೆ ದಕ್ಕದ್ದೂ ಇದೆ. ಮೂಳೆಯ ಒಳಗಡೆ ಕಾಣುವುದಿಲ್ಲ, ಕೀಲಿನ ಆಳದ ಲೇಬ್ರಮ್ (ಕೀಲಿನ ಗುಳಿಯ ಅಂಚಿನ ಮೆತ್ತನೆಯ ಉಂಗುರ) ಸರಿಯಾಗಿ ಕಾಣುವುದಿಲ್ಲ. ಭುಜ ಪದೇಪದೇ ಜಾರುವವರನ್ನು ನಾನು ಎಂಆರ್‌ಐಗೇ ಕಳಿಸುತ್ತೇನೆ. ಫ್ರೋಜನ್ ಶೋಲ್ಡರ್, ಅಂದರೆ ಭುಜ ಬಿಗಿದು ಹಿಡಿದುಕೊಂಡ ತೊಂದರೆ ಇದ್ದವರ ಸ್ಕ್ಯಾನ್ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಅಲ್ಲಿ ನಾನೇ ಹಿಡಿದು ತಿರುಗಿಸಿದರೂ ಕೈ ಹೊರಕ್ಕೆ ತಿರುಗದಿರುವುದೇ ಮುಖ್ಯ ಸುಳಿವು. ಪೂರ್ತಿ ಹರಿದ ಟೆಂಡನ್ ಮಾತ್ರ ಪಳಗಿದ ಕೈಗೆ ಎಂಆರ್‌ಐಯಷ್ಟೇ ಚೆನ್ನಾಗಿ ಸಿಗುತ್ತದೆ.

ಚೀಟಿಯಲ್ಲಿ ಬರೀ "ಹರಿದಿದೆ" ಅಂತ ಬರೆದು ಬಿಡುವುದಿಲ್ಲ. ಯಾವ ಟೆಂಡನ್, ಪೂರ್ತಿಯೋ ಅರೆಬರೆಯೋ, ಎರಡೂ ದಿಕ್ಕಿನಲ್ಲಿ ಎಷ್ಟು ಮಿಲಿಮೀಟರ್, ಕೈ ಎತ್ತುವಾಗ ಏನು ಕಂಡಿತು, ಎಲ್ಲ ಬರೆಯುತ್ತೇನೆ. ಮುಂದಿನ ಸಲ ನೋಡುವವರು ಬೇರೆ ಯಾರೇ ಆಗಿರಲಿ, ಹರುಕು ದೊಡ್ಡದಾಗಿದೆಯೇ ಅಂತ ಅಳೆದು ಹೇಳಲು ಅವರಿಗೆ ಇಷ್ಟು ಬೇಕೇ ಬೇಕು.